ಲೇಬರ್ ಆಫೀಸು ಎಂದರೆ ಯಾವ ಆಫೀಸು? ಮತ್ತಿಕೆರೆ ಸುತ್ತಿನ ಕೆಲಸಗಾರರಿಗೊಂದು ಕೈಪಿಡಿ

ಮತ್ತಿಕೆರೆ ಮುಖ್ಯರಸ್ತೆಯ 48ನೇ ನಂಬರಿನ ಕಟ್ಟಡದಲ್ಲಿ ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿಯ ಕಚೇರಿ ಇದೆ. ಹೆಸರಲ್ಲೇ ಕಾರ್ಮಿಕ ಎಂದಿರುವುದರಿಂದ ಕೆಲಸ ಕಳೆದುಕೊಂಡವರು, ಪಿಎಫ್ ಸಿಗದವರು, ಓಟಿ ದುಡ್ಡು ಬಾಕಿ ಇರುವವರು ಎಲ್ಲರೂ ಇಲ್ಲಿಗೇ ಬರಬೇಕು ಅಂದುಕೊಂಡರೆ ತಪ್ಪೇನಲ್ಲ. ಆದರೆ ಈ ಮೂರರಲ್ಲಿ ಒಂದೂ ಇಲ್ಲಿ ಬಗೆಹರಿಯುವುದಿಲ್ಲ.

ಇಲ್ಲಿಂದ ಗೊರಗುಂಟೆಪಾಳ್ಯದ ಕಡೆಗೆ ಹೋದರೆ ತುಮಕೂರು ರಸ್ತೆಯ ಮಗ್ಗುಲಲ್ಲಿ, ಯಶವಂತಪುರ ಇಂಡಸ್ಟ್ರಿಯಲ್ ಸಬರ್ಬ್‌ನಲ್ಲಿ ಶ್ರಮ ಸದನ ಎಂಬ ಇನ್ನೊಂದು ಕಟ್ಟಡವಿದೆ. ಅದು ಕೇಂದ್ರ ಸರ್ಕಾರದ್ದು. ಮೂರನೆಯದು ಕಾರ್ಮಿಕ ಭವನ, ಊರಿನ ಇನ್ನೊಂದು ತುದಿಗೆ, ಡೇರಿ ಸರ್ಕಲ್ ಹತ್ತಿರ ಬನ್ನೇರುಘಟ್ಟ ರಸ್ತೆಯಲ್ಲಿದೆ. ಅದು ರಾಜ್ಯ ಕಾರ್ಮಿಕ ಇಲಾಖೆಯದು. ತಮಾಷೆ ಎಂದರೆ, ಮತ್ತಿಕೆರೆಯಲ್ಲಿ ಮನೆ ಮಾಡಿಕೊಂಡು ಪೀಣ್ಯದ ಖಾಸಗಿ ಕಾರ್ಖಾನೆಗೋ ಗಾರ್ಮೆಂಟ್ಸ್‌ಗೋ ಹೋಗುವ ಬಹುಪಾಲು ಜನರ ತಕರಾರಿಗೆ ಸರಿಯಾದ ಕಚೇರಿ ಎಲ್ಲಕ್ಕಿಂತ ದೂರದ ಆ ಮೂರನೆಯದು. ಹತ್ತಿರದ ಎರಡು ಕಡೆ ಅಲೆದು, ಎರಡು ದಿನದ ಸಂಬಳ ಕಳೆದುಕೊಂಡು, ಬೇಸತ್ತು ಸುಮ್ಮನಾಗುವವರೇ ಹೆಚ್ಚು. ಯಾವ ಕೆಲಸಕ್ಕೆ ಯಾವ ಬಾಗಿಲು ಎಂಬುದು ಗೊತ್ತಿದ್ದರೆ ಅರ್ಧ ಓಡಾಟ ಉಳಿಯುತ್ತದೆ. ಉಳಿದರ್ಧ ಕೈಯಲ್ಲಿರುವ ಕಾಗದದ ಮೇಲೆ ನಿಂತಿದೆ.

ಸಂಬಳದ ಚೀಟಿ ಓದುವುದು

ಎಲ್ಲದಕ್ಕೂ ಮೊದಲು ಸಂಬಳದ ಚೀಟಿ. ಕಾಗದದಲ್ಲಿ ಕೊಡಲಿ, ಮೊಬೈಲಿಗೆ ಕಳಿಸಲಿ, ತಿಂಗಳು ತಿಂಗಳೂ ಒಂದನ್ನೂ ಬಿಡದೆ ಎತ್ತಿಡಿ. ಉದಾಹರಣೆಗೆ ಒಬ್ಬ ಟೈಲರ್‌ನ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 13,000 ರೂ., ಇತರ ಭತ್ಯೆ 1,500 ರೂ., ಒಟ್ಟು 14,500 ರೂ. ಅಂತಿಟ್ಟುಕೊಳ್ಳೋಣ. ಪಿಎಫ್ ಕಡಿತ 13,000ದ ಶೇ. 12, ಅಂದರೆ 1,560 ರೂ. ಇಎಸ್‌ಐ ಕಡಿತ ಒಟ್ಟು ಸಂಬಳದ ಶೇ. 0.75, ಲೆಕ್ಕ ಹಾಕಿದರೆ 108 ರೂ. 75 ಪೈಸೆ, ಮೇಲಕ್ಕೆ ಎತ್ತಿ 109 ರೂ. ವೃತ್ತಿ ತೆರಿಗೆ ಇಷ್ಟು ಸಂಬಳಕ್ಕೆ ಬರುವುದಿಲ್ಲ. ಕೈಗೆ ಬರಬೇಕಾದ್ದು 12,831 ರೂ. ಇದಕ್ಕಿಂತ ಕಡಿಮೆ ಬಂದಿದ್ದರೆ ಯಾವ ಬಾಬ್ತಿಗೆ ಹಿಡಿದಿದ್ದಾರೆ ಎಂದು ಕೇಳುವ ಹಕ್ಕು ನಿಮ್ಮದು. ಹಾಜರಿಗೆ ಐದು ನಿಮಿಷ ತಡವಾಯಿತು, ಪೀಸು ಹಾಳಾಯಿತು ಎಂದು ಮನಸ್ಸಿಗೆ ಬಂದಂತೆ ಹಿಡಿಯುವುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ದಂಡಕ್ಕೂ ಕಡಿತಕ್ಕೂ ಮಿತಿ ಇದೆ.

ಪಾಸ್‌ಬುಕ್ ನೋಡಿದವರಿಗೆ ಒಂದು ಅನುಮಾನ ಖಂಡಿತ ಬರುತ್ತದೆ. ನನ್ನ 1,560 ಇದೆ, ಕಂಪನಿಯ 1,560 ಎಲ್ಲಿ? ಅಲ್ಲಿ 477 ಮಾತ್ರ ತೋರಿಸುತ್ತಿದೆಯಲ್ಲ? ಕಂಪನಿ ಮೋಸ ಮಾಡಿಲ್ಲ. ಕಂಪನಿಯ ಪಾಲಿನಲ್ಲಿ ಶೇ. 8.33, ಅಂದರೆ 1,083 ರೂ., ಪಿಂಚಣಿ ಖಾತೆಗೆ ಹೋಗುತ್ತದೆ. ಉಳಿದ 477 ಪಿಎಫ್‌ಗೆ. ಇದು ಗೊತ್ತಿಲ್ಲದೆ ಎಚ್‌ಆರ್ ಜತೆ ಜಗಳಕ್ಕೆ ನಿಂತರೆ, ನಿಜವಾದ ತಪ್ಪು ಹಿಡಿದು ಕೇಳುವ ದಿನ ನಿಮ್ಮ ಮಾತಿಗೆ ತೂಕ ಇರುವುದಿಲ್ಲ.

ಓಟಿ ಲೆಕ್ಕವೂ ಕಷ್ಟವಲ್ಲ. 13,000ವನ್ನು 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 500. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 62 ರೂ. 50 ಪೈಸೆ. ಓಟಿಗೆ ದುಪ್ಪಟ್ಟು, ಅಂದರೆ ಗಂಟೆಗೆ 125. ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಹೆಚ್ಚು ಕೂತವರಿಗೆ 2,500 ರೂ. ಬರಬೇಕು. ಟಾರ್ಗೆಟ್ ಮುಗಿದಿಲ್ಲ ಎಂದು ಸೂಪರ್‌ವೈಸರ್ ಕೂರಿಸಿಕೊಂಡ ಅರ್ಧ ಗಂಟೆಯೂ ಕೆಲಸದ ಹೊತ್ತೇ. ಪಂಚಿಂಗ್ ಮುಗಿಸಿ ಮತ್ತೆ ಮೆಷಿನ್‌ಗೆ ಕಳಿಸುವ ಚಾಳಿ ಇರುವ ಕಡೆ ಮನೆಯ ಕ್ಯಾಲೆಂಡರಿನಲ್ಲಿ ದಿನದಿನದ ಒಳಹೋದ ಹೊತ್ತು, ಹೊರಬಂದ ಹೊತ್ತು ಬರೆದಿಡಿ. ಅದನ್ನೂ ವಿಚಾರಣೆಯಲ್ಲಿ ಮುಂದಿಡಬಹುದು.

ಇನ್ನೊಂದು ಸೂಕ್ಷ್ಮ: ಚೀಟಿಯಲ್ಲಿ ನಿಮ್ಮ ಹುದ್ದೆ ಏನೆಂದಿದೆ? ಕನಿಷ್ಠ ವೇತನ ಕುಶಲ, ಅರೆಕುಶಲ, ಅಕುಶಲ ಎಂದು ವರ್ಗವಾರು ನಿಗದಿಯಾಗುತ್ತದೆ. ರಾಜ್ಯದಲ್ಲಿ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಮೆಷಿನ್ ಮೇಲೆ ಟೈಲರ್ ಕೆಲಸ ಮಾಡಿಸಿ, ಚೀಟಿಯಲ್ಲಿ ಹೆಲ್ಪರ್ ಎಂದು ನಮೂದಿಸಿದರೆ ಪ್ರತಿ ತಿಂಗಳೂ ಸಂಬಳ ಕಳ್ಳತನವಾಗುತ್ತಿದೆ ಎಂದೇ ಅರ್ಥ. ನನ್ನ ಮಟ್ಟಿಗೆ ಗಾರ್ಮೆಂಟ್ಸ್‌ನಲ್ಲಿ ಸದ್ದಿಲ್ಲದೆ ನಡೆಯುವ ದೊಡ್ಡ ಅನ್ಯಾಯ ಇದೇ. ಬೈಗುಳ ಎಲ್ಲರ ಕಿವಿಗೂ ಬೀಳುತ್ತದೆ, ಈ ಒಂದು ಪದ ಯಾರ ಕಣ್ಣಿಗೂ ಬೀಳುವುದಿಲ್ಲ. ಏಪ್ರಿಲ್ ಚೀಟಿಯನ್ನು ಮಾರ್ಚ್ ಚೀಟಿಯ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಡಿಸೆಂಬರಿನ ಐವತ್ತು ರೂಪಾಯಿ

ಡಿಸೆಂಬರ್ ತಿಂಗಳ ಚೀಟಿಯಲ್ಲಿ ಮಾತ್ರ ಎಲ್‌ಡಬ್ಲ್ಯುಎಫ್ ಎಂಬ ಹೆಸರಿನಲ್ಲಿ 50 ರೂ. ಹಿಡಿದಿರುತ್ತಾರೆ. ಮತ್ತಿಕೆರೆ ಮುಖ್ಯರಸ್ತೆಯ ಕಚೇರಿಗೆ ನಿಮಗಿರುವ ನಂಟು ಇದೇ. 1965ರ ಕರ್ನಾಟಕ ಕಾರ್ಮಿಕ ಕಲ್ಯಾಣ ನಿಧಿ ಕಾಯ್ದೆಯಂತೆ 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಕಾರ್ಮಿಕರು 50, ಮಾಲೀಕರು 100, ಸರ್ಕಾರ 50 ರೂ. ಪ್ರತಿ ವರ್ಷ ಈ ನಿಧಿಗೆ ಹಾಕಬೇಕು. ಮೊದಲು ಇದು 20, 40, 20 ಇತ್ತು, 2025ರಲ್ಲಿ ಏರಿತು. ಜನವರಿ 15ರ ಒಳಗೆ ಕಂಪನಿ ಹಣ ಕಟ್ಟಬೇಕು.

ಈ ದುಡ್ಡಿನಿಂದ ಮಂಡಳಿ ಕಾರ್ಮಿಕರ ಮಕ್ಕಳಿಗೆ ಶೈಕ್ಷಣಿಕ ಪ್ರೋತ್ಸಾಹ ಧನ ಕೊಡುತ್ತದೆ. ಹೈಸ್ಕೂಲಿನಿಂದ ಎಂಜಿನಿಯರಿಂಗ್, ಮೆಡಿಕಲ್‌ವರೆಗೆ ಹಂತ ಹಂತವಾಗಿ ಮೊತ್ತ ಏರುತ್ತದೆ. ದೊಡ್ಡ ಕಾಯಿಲೆಯ ಚಿಕಿತ್ಸೆ, ಅಪಘಾತ, ಹೆರಿಗೆ, ಅಂತ್ಯಕ್ರಿಯೆಗೂ ಸಹಾಯಧನ ಉಂಟು. ಅಂಕದ ಮಿತಿ, ಸಂಬಳದ ಮಿತಿ ಎರಡೂ ಇವೆ. ಅರ್ಜಿ ಆನ್‌ಲೈನ್‌ನಲ್ಲಿ ಹಾಕಿದರೂ ಕಂಪನಿ ಅದನ್ನು ದೃಢೀಕರಿಸಬೇಕು. ಕೆಲಸ ಕೆಡುವುದು ಇಲ್ಲೇ. ಎಚ್‌ಆರ್ ಮೇಜಿನ ಮೇಲೆ ಅರ್ಜಿ ಕೂತು ಕೊನೆಯ ದಿನ ದಾಟಿಹೋಗುತ್ತದೆ. ಹಾಗಾಗಿ ಮಕ್ಕಳ ಅಂಕಪಟ್ಟಿ ಕೈಗೆ ಬಂದ ವಾರದಲ್ಲೇ ಶುರು ಮಾಡಿ, ಹತ್ತಾರು ಜನರ ಅರ್ಜಿ ಒಟ್ಟಿಗೆ ಒಯ್ದು ಕೊಡಿ. ಕಂಪನಿ ನಿಧಿಗೆ ದುಡ್ಡೇ ಕಟ್ಟಿಲ್ಲ ಎಂಬ ಅನುಮಾನ ಬಂದರೆ ಡಿಸೆಂಬರ್ ಚೀಟಿ ಹಿಡಿದು ನೇರ ಮಂಡಳಿಗೇ ಹೋಗಿ. ಆ ಒಂದು ತಕರಾರಿಗೆ ಮಾತ್ರ ಹತ್ತಿರದ ಕಚೇರಿಯೇ ಸರಿಯಾದ ಕಚೇರಿ.

ಹೆಸರು ಒಂದೇ ಥರ ಇರುವ ಬೇರೆ ಮಂಡಳಿಗಳೂ ಇವೆ. ಗಾರೆ ಕೆಲಸ, ಸೆಂಟ್ರಿಂಗ್, ಪೇಂಟಿಂಗ್ ಮಾಡುವವರದು ಕಟ್ಟಡ ಕಾರ್ಮಿಕರ ಮಂಡಳಿ. ಅದರ ನೋಂದಣಿಗೆ 18ರಿಂದ 60ರ ವಯಸ್ಸು, ಹಿಂದಿನ ವರ್ಷದಲ್ಲಿ 90 ದಿನ ಕೆಲಸ ಮಾಡಿರಬೇಕು. ಮನೆಗೆಲಸದವರು, ಹಮಾಲರು, ಚಿಂದಿ ಆಯುವವರು, ಟೈಲರ್ ಅಂಗಡಿಯವರಿಗೆ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿ. ಡೆಲಿವರಿ ಹುಡುಗರಿಗೆ, ಆ್ಯಪ್ ಕ್ಯಾಬ್ ಓಡಿಸುವವರಿಗೆ 2025ರಲ್ಲಿ ರಾಜ್ಯವೇ ಪ್ರತ್ಯೇಕ ಕಾಯ್ದೆ ತಂದಿತು. ಅದರಂತೆ ಕಂಪನಿಗಳು ಪ್ರತಿ ವಹಿವಾಟಿನ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಐಡಿ ಬ್ಲಾಕ್ ಮಾಡುವ ಮುನ್ನ ಕಾರಣ ತಿಳಿಸಬೇಕು.

ಪಿಎಫ್: ಎರಡು ದಿನದಲ್ಲಿ ವಾಪಸಾದ ಆದೇಶ

2016ರ ಏಪ್ರಿಲ್ 18 ಮತ್ತು 19 ಬೆಂಗಳೂರಿಗೆ ಮರೆಯುವಂಥ ದಿನಗಳಲ್ಲ. ಕಂಪನಿಯ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಫೆಬ್ರವರಿಯಲ್ಲಿ ಹೊರಡಿಸಿದ ಆದೇಶದ ಸುದ್ದಿ ಗಾರ್ಮೆಂಟ್ಸ್‌ಗಳಲ್ಲಿ ಬಾಯಿಂದ ಬಾಯಿಗೆ ಹರಡಿತು. ಹೊಸೂರು ರಸ್ತೆಯಲ್ಲಿ ಹೆಣ್ಣುಮಕ್ಕಳು ಕಾರ್ಖಾನೆ ಬಿಟ್ಟು ಬೀದಿಗಿಳಿದರು. ಮರುದಿನ ಜಾಲಹಳ್ಳಿ ಕ್ರಾಸ್, ಪೀಣ್ಯ, ತುಮಕೂರು ರಸ್ತೆಯೂ ಬಂದ್. ದೊಡ್ಡ ಯೂನಿಯನ್ ಯಾವುದೂ ಕರೆ ಕೊಟ್ಟಿರಲಿಲ್ಲ. ಲಾಠಿ ಬೀಸಿದರು, ಬಸ್ಸು ಸುಟ್ಟವು, ಕೇಸು ಬಿದ್ದವು. 19ರ ಸಂಜೆಯ ಹೊತ್ತಿಗೆ ಕೇಂದ್ರ ಆದೇಶ ಹಿಂಪಡೆಯಿತು.

ಆ ಹೆಣ್ಣುಮಕ್ಕಳಿಗೆ ಪಿಎಫ್ ಎಂದರೆ ಮುಪ್ಪಿನ ದುಡ್ಡಲ್ಲ. ಮಗಳ ಮದುವೆ, ಊರಲ್ಲಿ ಮನೆಯ ಗೋಡೆ, ಕೆಲಸ ಬಿಟ್ಟಾಗ ಮೂರು ತಿಂಗಳ ಬಾಡಿಗೆ, ಎಲ್ಲವೂ ಅದೇ. ದೆಹಲಿಯಲ್ಲಿ ಕೂತವರಿಗೆ ಇದು ಆಗಲೂ ಅರ್ಥವಾಗಿರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಪಿಎಫ್ ಸಂಸ್ಥೆಯ ಟ್ರಸ್ಟಿಗಳ ಮಂಡಳಿ, ಖಾತೆಯಲ್ಲಿ ಶೇ. 25 ಹಣ ಉಳಿದಿರಬೇಕು, ಕೆಲಸ ಬಿಟ್ಟವರು ಪೂರ್ತಿ ತೆಗೆಯಲು ಎರಡು ತಿಂಗಳಲ್ಲ, ಹನ್ನೆರಡು ತಿಂಗಳು ಕಾಯಬೇಕು ಎಂದು ತೀರ್ಮಾನಿಸಿದಾಗಲೂ ಅರ್ಥವಾದಂತೆ ಕಾಣಲಿಲ್ಲ.

ಈಗ ನೀವು ಮಾಡಬೇಕಾದ್ದು ಇಷ್ಟು. ಪಿಎಫ್‌ಗೆ ಜೋಡಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಡಿ, ಬಾಕಿ ಎಷ್ಟಿದೆ ಎಂದು ಮೆಸೇಜು ಬರುತ್ತದೆ. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ನೋಡಿ. ಯಾವ ತಿಂಗಳಾದರೂ ಖಾಲಿ ಇದೆಯೇ? ಸಂಬಳದಲ್ಲಿ ಹಿಡಿದೂ ಕಟ್ಟದಿರುವುದು ಕ್ರಿಮಿನಲ್ ಅಪರಾಧ, ಕಂಪನಿ ನಷ್ಟದಲ್ಲಿದೆ ಎಂಬ ಸಬೂಬು ನಡೆಯುವುದಿಲ್ಲ. ಪೀಣ್ಯದಲ್ಲೇ ಪಿಎಫ್ ಪ್ರಾದೇಶಿಕ ಕಚೇರಿ ಇದೆ. ನಿಮ್ಮ ಕಂಪನಿ ಅದೇ ಕಚೇರಿಗೆ ಸೇರುತ್ತದೋ ಬೇರೆಗೋ ಎಂಬುದನ್ನು 14470ಕ್ಕೆ ಫೋನ್ ಮಾಡಿ ತಿಳಿದುಕೊಂಡು ಹೊರಡಿ.

ನಮ್ಮ ಕಡೆಯವರ ಪಿಎಫ್ ಅರ್ಜಿ ತಿರಸ್ಕಾರವಾಗಲು ದೊಡ್ಡ ಕಾರಣ ಇನಿಷಿಯಲ್. ಆಧಾರ್‌ನಲ್ಲಿ ಬರೀ ಲಕ್ಷ್ಮಮ್ಮ, ಕಂಪನಿಯಲ್ಲಿ ಲಕ್ಷ್ಮಮ್ಮ ಕೆ., ಬ್ಯಾಂಕಿನಲ್ಲಿ ಕೆ. ಲಕ್ಷ್ಮಿ. ಕಂಪ್ಯೂಟರ್‌ಗೆ ಇವರು ಮೂರು ಜನ. ಕೆಲಸ ಬಿಟ್ಟ ಮೇಲೆ ಕಂಪನಿಯವರ ಸಹಿ ಹಾಕಿಸುವುದು ಹರಸಾಹಸ. ಕೆಲಸದಲ್ಲಿರುವಾಗಲೇ ಮೂರೂ ಕಡೆ ಹೆಸರು, ಹುಟ್ಟಿದ ತಾರೀಖು ಒಂದೇ ಆಗುವಂತೆ ತಿದ್ದಿಸಿಕೊಳ್ಳಿ, ನಾಮಿನಿ ಹೆಸರು ಹಾಕಿ. ಕೆಲಸದಲ್ಲಿದ್ದಾಗಲೇ ಸಾವು ಬಂದರೆ ಪಿಎಫ್ ಜತೆಗಿನ ವಿಮೆಯಿಂದ 7 ಲಕ್ಷದವರೆಗೆ ಕುಟುಂಬಕ್ಕೆ ಬರುತ್ತದೆ. ಇದು ಎಷ್ಟೋ ಮನೆಗಳಿಗೆ ಗೊತ್ತೇ ಇರುವುದಿಲ್ಲ.

ಇಎಸ್‌ಐ ಎಂದರೆ ಮಾತ್ರೆಯಷ್ಟೇ ಅಲ್ಲ

ತಿಂಗಳಿಗೆ 21,000 ರೂ. ವರೆಗೆ ಸಂಬಳ ಇರುವವರಿಗೆ ಇಎಸ್‌ಐ. ನಮ್ಮ ಭಾಗದವರಿಗೆ ರಾಜಾಜಿನಗರದ ದೊಡ್ಡಾಸ್ಪತ್ರೆ, ಪೀಣ್ಯದ ಆಸ್ಪತ್ರೆ ಇವೆ. ಕ್ಯೂ ಉದ್ದ, ಮಾತ್ರೆ ಇಲ್ಲ ಎಂದು ಬೈದುಕೊಂಡು ಖಾಸಗಿ ಕ್ಲಿನಿಕ್ಕಿಗೆ ಹೋಗುವವರ ಸಿಟ್ಟು ನ್ಯಾಯವೇ. ಆದರೆ ಇಎಸ್‌ಐನ ನಿಜವಾದ ಲಾಭ ಇರುವುದು ನಗದಿನಲ್ಲಿ. ಕಾಯಿಲೆ ಬಿದ್ದು ರಜೆ ಹಾಕಿದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70 ಸಿಗುತ್ತದೆ. ಇದಕ್ಕೆ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂಬ ಎರಡು ಅವಧಿಗಳಲ್ಲಿ ಸಂಬಂಧಪಟ್ಟ ಅವಧಿಯೊಳಗೆ 78 ದಿನದ ವಂತಿಗೆ ಇರಬೇಕು. ಮತ್ತೆ, ಇಎಸ್‌ಐ ವೈದ್ಯರ ಸರ್ಟಿಫಿಕೇಟೇ ಬೇಕು. ಹೆರಿಗೆಗೆ ಮೊದಲ ಎರಡು ಮಕ್ಕಳವರೆಗೆ 26 ವಾರ ಪೂರ್ತಿ ಸಂಬಳ. ಈ ಭತ್ಯೆ ಪಡೆಯುತ್ತಿರುವಾಗ ಕೆಲಸದಿಂದ ತೆಗೆಯುವಂತಿಲ್ಲ.

ಕೆಲಸದ ಮೇಲಿನ ಅಪಘಾತಕ್ಕೆ 78 ದಿನದ ಷರತ್ತಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಪ್ರೆಸ್‌ಗೆ ಬೆರಳು ಸಿಕ್ಕಿದರೂ, ಕೆಲಸಕ್ಕೆ ಮರಳುವವರೆಗೆ ಶೇ. 90 ಸಂಬಳ, ಶಾಶ್ವತ ಊನವಾದರೆ ಜೀವನಪೂರ್ತಿ ಪಿಂಚಣಿ. ಮನೆಯಿಂದ ಕಾರ್ಖಾನೆಗೆ ಹೋಗಿಬರುವ ದಾರಿಯ ಅಪಘಾತವೂ ಇದರಲ್ಲಿ ಸೇರುತ್ತದೆ, ಆ ಓಡಾಟ ಕೆಲಸಕ್ಕೇ ಸಂಬಂಧಿಸಿದ್ದು ಎಂದು ತೋರಿಸಬೇಕಷ್ಟೆ. ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ಏನಾಗುತ್ತದೆ? ಗಾಯಾಳುವನ್ನು ಪಕ್ಕದ ನರ್ಸಿಂಗ್ ಹೋಂಗೆ ಕರೆದೊಯ್ದು, ಮನೆಯಲ್ಲಿ ಬಿದ್ದೆ ಅಂತ ಹೇಳು, ಬಿಲ್ಲು ನಾನು ಕಟ್ಟುತ್ತೇನೆ ಎನ್ನುತ್ತಾರೆ. ಆ ಒಂದು ಸುಳ್ಳಿಗೆ ಒಪ್ಪಿದರೆ ಜೀವಮಾನದ ಪಿಂಚಣಿ ಹೋಯಿತು. ಆಸ್ಪತ್ರೆಯ ದಾಖಲೆಯಲ್ಲಿ ಎಲ್ಲಿ, ಯಾವ ಮೆಷಿನ್, ಎಷ್ಟು ಹೊತ್ತಿಗೆ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆಸಿ. ಜತೆಗಿದ್ದ ಇಬ್ಬರ ಹೆಸರು ಗುರುತು ಹಾಕಿಕೊಳ್ಳಿ. ಅಪಘಾತದ ವರದಿಯ ಪ್ರತಿ ಕೇಳಿ. ಇಎಸ್‌ಐ ಉಚಿತ ಸಹಾಯವಾಣಿ 1800112526.

ಕೆಲಸದಿಂದ ತೆಗೆದರೆ

ಮೊದಲ ಮಾತು: ರಾಜೀನಾಮೆ ಬರೆದುಕೊಡಬೇಡಿ. ಗೇಟ್ ಹತ್ತಿರ ಕೂರಿಸಿ, ಸಹಿ ಮಾಡಿದರೆ ಇವತ್ತೇ ಸೆಟ್ಲ್‌ಮೆಂಟ್, ಇಲ್ಲದಿದ್ದರೆ ಏನೂ ಇಲ್ಲ ಎನ್ನುವುದು ಹಳೆಯ ಪಟ್ಟು. ರಾಜೀನಾಮೆ ಕೊಟ್ಟವರಿಗೆ ವಜಾ ಮಾಡಿದರು ಎಂದು ದೂರುವ ದಾರಿ ಬಹುತೇಕ ಮುಚ್ಚಿಹೋಗುತ್ತದೆ. ಒಳಗೆ ಬಿಡದಿದ್ದರೆ ಅದೇ ದಿನ, ಕೆಲಸಕ್ಕೆ ಬಂದಿದ್ದೆ, ಗೇಟಿನಲ್ಲಿ ತಡೆದರು ಎಂದು ಎರಡು ಸಾಲು ಬರೆದು ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಹಳೆಯ ರಿಜಿಸ್ಟರ್ಡ್ ಪೋಸ್ಟ್ ಈಗ ಸ್ಪೀಡ್ ಪೋಸ್ಟ್‌ನಲ್ಲೇ ಸೇರಿಹೋಗಿದೆ. ಮತ್ತಿಕೆರೆ ಪೋಸ್ಟಾಫೀಸಿನ ಆ ರಸೀದಿಯ ಮುಂದೆ, ಅವರು ಹೇಳದೆ ಕೇಳದೆ ಕೆಲಸ ಬಿಟ್ಟರು ಎಂಬ ಕಂಪನಿಯ ಮಾತು ನಿಲ್ಲುವುದು ಕಷ್ಟ.

ಆಮೇಲೆ ಬಾಗಿಲಿನ ಪ್ರಶ್ನೆ. ಬಿಇಎಲ್, ರೈಲ್ವೆ, ಬ್ಯಾಂಕು ಮುಂತಾದ ಕೇಂದ್ರದ ಸಂಸ್ಥೆಗಳವರು, ಅಲ್ಲಿ ಕಾಂಟ್ರಾಕ್ಟರ್ ಕೆಳಗೆ ಗುಡಿಸುವ, ಕಾಯುವ, ಲೋಡ್ ಎತ್ತುವ ಕೆಲಸ ಮಾಡುವವರೂ ಸೇರಿ, ಶ್ರಮ ಸದನಕ್ಕೆ. ಕೇಂದ್ರ ಕಾರ್ಮಿಕ ಆಯುಕ್ತರ ಕಚೇರಿಯೂ ಕೇಂದ್ರದ ಕೈಗಾರಿಕಾ ನ್ಯಾಯಮಂಡಳಿಯೂ ಅಲ್ಲೇ ಇವೆ. ಖಾಸಗಿ ಕಾರ್ಖಾನೆ, ಗಾರ್ಮೆಂಟ್ಸ್, ಅಂಗಡಿ, ಆಸ್ಪತ್ರೆ, ಐಟಿ ಕಂಪನಿಯವರು ರಾಜ್ಯದ ಕಾರ್ಮಿಕ ಅಧಿಕಾರಿಯ ಬಳಿಗೆ. ನಿಮ್ಮ ಮನೆ ಎಲ್ಲಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಕೆಲಸದ ಜಾಗ ಯಾವ ಉಪವಿಭಾಗಕ್ಕೆ ಸೇರುತ್ತದೆ ಎಂಬುದೇ ಮುಖ್ಯ. 155214ಕ್ಕೆ ಫೋನ್ ಮಾಡಿ ಕೇಳಬಹುದು. ಅರ್ಜಿ ಕೊಟ್ಟ ಮೇಲೆ ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ.

ಅಧಿಕಾರಿ ಎರಡೂ ಕಡೆಯವರನ್ನು ಕರೆಸಿ ಸಂಧಾನ ನಡೆಸುತ್ತಾರೆ. ವಜಾ ಆದವರು 45 ದಿನ ಕಳೆದರೂ ಇತ್ಯರ್ಥವಾಗದಿದ್ದರೆ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ತಡ ಮಾಡಬೇಡಿ. 29 ಹಳೆಯ ಕಾಯ್ದೆಗಳ ಜಾಗಕ್ಕೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಕೇಂದ್ರ 2025ರ ನವೆಂಬರ್ 21ರಿಂದ ಜಾರಿಗೆ ತಂದಿದೆ. ವಜಾ ತಕರಾರಿಗೆ ಹಿಂದೆ ಮೂರು ವರ್ಷ ಇದ್ದ ಅವಕಾಶ ಇದರಲ್ಲಿ ಎರಡಕ್ಕೆ ಇಳಿದಿದೆ. ವೇತನ ಬಾಕಿಗೆ ಮಾತ್ರ ಮೂರು ವರ್ಷ ಇದೆ. ನಿಮ್ಮ ಬದಲು ನೋಂದಾಯಿತ ಯೂನಿಯನ್ನೂ ಆ ಅರ್ಜಿ ಹಾಕಬಹುದು. ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಲು ಅವಕಾಶವಿದೆ.

ಸಂಹಿತೆಗಳಲ್ಲಿ ಕಾರ್ಮಿಕರಿಗೆ ಒಳ್ಳೆಯದು ಏನೂ ಇಲ್ಲ ಎನ್ನಲಾಗದು. ಎಲ್ಲರಿಗೂ ನೇಮಕಾತಿ ಪತ್ರ ಕಡ್ಡಾಯ, ಕೆಲಸ ಬಿಟ್ಟರೆ ಎರಡು ಕೆಲಸದ ದಿನದಲ್ಲಿ ಬಾಕಿ ಸಂಬಳ, ನಿಗದಿತ ಅವಧಿಗೆ ನೇಮಕವಾದವರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ. ಉಳಿದವರಿಗೆ ಗ್ರಾಚ್ಯುಟಿಗೆ ಐದು ವರ್ಷವೇ, ವರ್ಷಕ್ಕೆ 15 ದಿನದ ಸಂಬಳ, ಅದೂ 26ರ ಲೆಕ್ಕದಲ್ಲಿ. ಆದರೆ 300ಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆ ಸರ್ಕಾರದ ಅನುಮತಿ ಇಲ್ಲದೆ ಜನರನ್ನು ತೆಗೆಯಬಹುದು, ಬಾಗಿಲು ಹಾಕಬಹುದು. ಹಿಂದೆ ಈ ಮಿತಿ 100 ಇತ್ತು. ಪೀಣ್ಯದ ಸಣ್ಣ, ಮಧ್ಯಮ ಘಟಕಗಳನ್ನು ನೋಡಿದವರಿಗೆ ಇದರ ಪರಿಣಾಮ ಬಿಡಿಸಿ ಹೇಳಬೇಕಿಲ್ಲ. ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದೇ ಭಾರ ಎಂಬುದು ನನ್ನ ಅಭಿಪ್ರಾಯ.

ಯೂನಿಯನ್ ಸೇರಬೇಕೆ?

ಮತ್ತಿಕೆರೆಯ ಜೆ.ಪಿ. ಪಾರ್ಕಿನಲ್ಲಿ ವಾಕ್ ಮಾಡುವವರಲ್ಲಿ ಬಿಇಎಲ್, ಎಚ್‌ಎಂಟಿಯ ನಿವೃತ್ತರು ಸಿಗುತ್ತಾರೆ. ಪಾರ್ಕಿಗೆ ಹೆಸರು ಕೊಟ್ಟ ಜಯಪ್ರಕಾಶ ನಾರಾಯಣರೂ ಸ್ವಾತಂತ್ರ್ಯ ಬಂದ ಹೊಸತರಲ್ಲಿ ರೈಲ್ವೆ ನೌಕರರ ಅಖಿಲ ಭಾರತ ಒಕ್ಕೂಟದ ಅಧ್ಯಕ್ಷರಾಗಿದ್ದವರು. ಅದೇ ಒಕ್ಕೂಟದ ಅಧ್ಯಕ್ಷಗಾದಿಯಿಂದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1974ರ ಮೇ ತಿಂಗಳಲ್ಲಿ ದೇಶದ ರೈಲು ನಿಲ್ಲಿಸಿದರು. ಆ ನಿವೃತ್ತರನ್ನು ಮಾತಿಗೆಳೆದರೆ 1980-81ರ ಮುಷ್ಕರ ಬಂದೇ ಬರುತ್ತದೆ. ಐಟಿಐ, ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್, ಬಿಇಎಂಎಲ್ ಕಾರ್ಮಿಕರು ಬಿಎಚ್‌ಇಎಲ್‌ಗೆ ಸಮನಾದ ಸಂಬಳ ಕೇಳಿ 77 ದಿನ ಹೊರಗುಳಿದರು. ಕೇಳಿದ್ದು ಸಿಗದೆಯೇ ಅದು ಮುಗಿಯಿತು.

77 ದಿನ ಸಂಘಟಿತರಾಗಿ ನಿಂತವರಿಗೆ ಸಿಗಲಿಲ್ಲ, ನಾಯಕರೇ ಇಲ್ಲದೆ ಎರಡು ದಿನ ಬೀದಿಗಿಳಿದವರಿಗೆ ಸಿಕ್ಕಿತು. ಹಾಗಾದರೆ ಯೂನಿಯನ್ ಯಾಕೆ ಎಂದು ಕೇಳುವವರಿದ್ದಾರೆ. ಬೀದಿ ಒಂದು ಆದೇಶವನ್ನು ವಾಪಸ್ ಮಾಡಿಸಬಲ್ಲದು. ಮರುದಿನ ಬೆಳಿಗ್ಗೆ ಲೈನಿನಲ್ಲಿ ಓಟಿ ಗಂಟೆ ಬರೆದುಕೊಳ್ಳುವುದು, ಹೆಲ್ಪರನ್ನು ಟೈಲರ್ ಎಂದು ತಿದ್ದಿಸುವುದು, ಬೈದ ಸೂಪರ್‌ವೈಸರ್ ಮೇಲೆ ಲಿಖಿತ ದೂರು ಕೊಟ್ಟು ಬೆನ್ನಿಗೆ ನಿಲ್ಲುವುದು ಬೀದಿಯಿಂದ ಆಗದು. 1980ರ ಬಿಇಎಲ್ ಕಾರ್ಮಿಕರಿಗೆ ಮುಷ್ಕರ ಸೋತ ಮೇಲೂ ಕ್ಯಾಂಟೀನು, ಬಸ್ಸು, ಪ್ರಮೋಷನ್ನಿನ ನಿಯಮ ಇದ್ದವು. 2016ರಲ್ಲಿ ಗೆದ್ದ ಹೆಣ್ಣುಮಕ್ಕಳು ಮಾರನೇ ದಿನ ಅದೇ ಟಾರ್ಗೆಟ್‌ಗೆ ಮರಳಿದರು.

ಕಾನೂನಿನ ಲೆಕ್ಕ ಹೀಗಿದೆ: ಯೂನಿಯನ್ ನೋಂದಣಿಯ ಅರ್ಜಿಗೆ ಕನಿಷ್ಠ ಏಳು ಜನ ಸಹಿ ಹಾಕಬೇಕು, ಸದಸ್ಯರು ಒಟ್ಟು ಕಾರ್ಮಿಕರ ಶೇ. 10 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಇರಬೇಕು. ಹೊಸ ಸಂಹಿತೆಯಂತೆ ಹಲವು ಯೂನಿಯನ್‌ಗಳಿರುವ ಕಡೆ ಶೇ. 51 ಬೆಂಬಲ ಇರುವ ಯೂನಿಯನ್ ಜತೆ ಕಂಪನಿ ಮಾತಾಡಬೇಕು. ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಬೇಕು, ಅರ್ಧಕ್ಕರ್ಧ ಜನ ಒಟ್ಟಿಗೆ ಸಿ.ಎಲ್. ಹಾಕಿದರೂ ಅದು ಮುಷ್ಕರವೇ. 2016ರಂಥ ದಿಢೀರ್ ನಡೆ ಇವತ್ತು ಸೀದಾ ಕಾನೂನುಬಾಹಿರ.

ಹೊಸ ಯೂನಿಯನ್ ಕಟ್ಟುವುದಕ್ಕಿಂತ ಇರುವುದನ್ನು ಸೇರುವುದು ಹೆಚ್ಚಿನವರಿಗೆ ಸುಲಭ. ಎಐಟಿಯುಸಿ, ಸಿಐಟಿಯು, ಐಎನ್‌ಟಿಯುಸಿ, ಬಿಎಂಎಸ್‌ನಂಥ ಹಳಬರ ಜತೆಗೆ ಗಾರ್ಮೆಂಟ್ಸ್‌ನವರದೇ ಆದ ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್, ಗಾರ್ಮೆಂಟ್ ಲೇಬರ್ ಯೂನಿಯನ್, ಐಟಿಯವರಿಗೆ ಕೆಐಟಿಯು ಇವೆ. ಸೇರುವ ಮುನ್ನ ನಾಲ್ಕು ಪ್ರಶ್ನೆ ಕೇಳಿ: ನೋಂದಣಿ ಸಂಖ್ಯೆ ಏನು? ಚಂದಾಕ್ಕೆ ರಸೀದಿ ಕೊಡುತ್ತೀರಾ? ಕೊನೆಯ ಚುನಾವಣೆ ಯಾವಾಗ ಆಯಿತು? ವರ್ಷದ ಲೆಕ್ಕ ಸದಸ್ಯರ ಮುಂದೆ ಇಡುತ್ತೀರಾ? ಮುಖ ಗಂಟಿಕ್ಕಿದರೆ ಬೇರೆ ಕಡೆ ನೋಡಿ. ಸೆಟ್ಲ್‌ಮೆಂಟ್ ಮಾಡಿಸಿ ಕಮಿಷನ್ ತಿನ್ನುವ ಮುಖಂಡರು ಪೀಣ್ಯಕ್ಕೆ ಹೊಸಬರಲ್ಲ.

ದೂರದ ಜಗತ್ತೂ ಕೆಲವೊಮ್ಮೆ ಕೈಹಿಡಿಯುತ್ತದೆ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಘಟಕ ಬಾಗಿಲು ಹಾಕಿದಾಗ ಸಾವಿರಕ್ಕೂ ಹೆಚ್ಚು ಕಾರ್ಮಿಕರು ಗೇಟಿನ ಮುಂದೆ ಕೂತರು. ಅವರ ಯೂನಿಯನ್ ಒತ್ತಡ ಹಾಕಿದ್ದು ಆ ಬಟ್ಟೆ ಕೊಳ್ಳುತ್ತಿದ್ದ ಸ್ವೀಡನ್ನಿನ ಎಚ್‌ಅಂಡ್‌ಎಂ ಮೇಲೂ. ಆ ಕಂಪನಿಗೂ ಇಂಡಸ್ಟ್ರಿಆಲ್ ಎಂಬ ಜಾಗತಿಕ ಕಾರ್ಮಿಕ ಒಕ್ಕೂಟಕ್ಕೂ ಇದ್ದ ಒಪ್ಪಂದವೇ ಹಿಡಿಯಾಯಿತು. 2021ರಲ್ಲಿ ಅವರಲ್ಲಿ ಹಲವರನ್ನು ಬೇರೆ ಘಟಕಕ್ಕೆ ತೆಗೆದುಕೊಳ್ಳುವ ಒಪ್ಪಂದವಾಯಿತು. ಹಾಗಾಗಿ ಹೊಲಿಯುವ ಬಟ್ಟೆಯ ಲೇಬಲ್ ಮೇಲೆ ಯಾರ ಹೆಸರಿದೆ ಎಂದು ನೆನಪಿಟ್ಟುಕೊಳ್ಳುವುದೂ ಉಪಯೋಗಕ್ಕೆ ಬಂದೀತು. 1919ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲಿ ಭಾರತ ಮೊದಲಿನಿಂದಲೂ ಇದೆ. ಆದರೆ ಸಂಘಟನೆಯ ಸ್ವಾತಂತ್ರ್ಯ, ಸಾಮೂಹಿಕ ಚೌಕಾಸಿ ಕುರಿತ ಅದರ 87 ಮತ್ತು 98ನೇ ಒಡಂಬಡಿಕೆಗಳಿಗೆ ನಮ್ಮ ದೇಶ ಇನ್ನೂ ಸಹಿ ಮುದ್ರೆ ಒತ್ತಿಲ್ಲ.

ಹೆಂಗಸರಿಗೆ, ಮನೆಗೆಲಸದವರಿಗೆ

ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಎಲ್ಲ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಮೂರು ತಿಂಗಳೊಳಗೆ ಲಿಖಿತ ದೂರು ಕೊಡಿ. ಸಣ್ಣ ಅಂಗಡಿಯವರು, ಮನೆಗೆಲಸದವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರಬಹುದು.

ಮತ್ತಿಕೆರೆ, ಗೋಕುಲ, ನ್ಯೂ ಬಿಇಎಲ್ ರಸ್ತೆಯ ಅಪಾರ್ಟ್‌ಮೆಂಟ್‌ಗಳಿಗೆ ಬೆಳಗಾಗುವ ಮೊದಲೇ ಹೋಗುವ ಅಕ್ಕಂದಿರಿಗೆ ಒಂದು ಮಾತು. ಮನೆಗೆಲಸಕ್ಕೂ ರಾಜ್ಯದಲ್ಲಿ 2004ರಿಂದ ಕನಿಷ್ಠ ವೇತನ ನಿಗದಿಯಾಗಿದೆ. ಇ-ಶ್ರಮ್ ಕಾರ್ಡ್ ಮಾಡಿಸಿ, ಅಸಂಘಟಿತರ ಮಂಡಳಿಯಲ್ಲೂ ಹೆಸರು ಬರೆಸಿ. ಕಾಣೆಯಾದ ಓಲೆಗೆ ನೀವೇ ಕಳ್ಳಿ ಎಂದು ಪೊಲೀಸ್ ಸ್ಟೇಷನ್ನಿಗೆ ಕರೆದೊಯ್ದರೆ, ಒಬ್ಬರೇ ಹೋಗಬೇಡಿ. ಸೂರ್ಯ ಮುಳುಗಿದ ಮೇಲೆ ಹೆಣ್ಣನ್ನು ಬಂಧಿಸಲು ಮಹಿಳಾ ಅಧಿಕಾರಿಯೂ ಮ್ಯಾಜಿಸ್ಟ್ರೇಟರ ಅನುಮತಿಯೂ ಬೇಕು.

ಕೋರ್ಟು ಎಂದರೆ ಖರ್ಚು ಎಂಬ ಹೆದರಿಕೆ ಎಲ್ಲರಿಗೂ ಇದೆ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಕೈಗಾರಿಕಾ ಕಾರ್ಮಿಕರು ತಮ್ಮ ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವೆಗಳ ಕಾಯ್ದೆಯಂತೆ ವಕೀಲರನ್ನು ಉಚಿತವಾಗಿ ಪಡೆಯಬಹುದು. ಸಹಾಯವಾಣಿ 15100. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡದಲ್ಲಿದೆ. ಹೋಗುವಾಗ ಆಧಾರ್ ಪ್ರತಿ, ನೇಮಕಾತಿ ಪತ್ರ, ಕೊನೆಯ ಮೂರು ಸಂಬಳದ ಚೀಟಿ ಮತ್ತು ಪೋಸ್ಟಾಫೀಸಿನ ಆ ರಸೀದಿ ಜತೆಯಲ್ಲಿರಲಿ.